ಸೊನ್ನೆಯ ಟಿಕೆಟ್ಟಿನ ಬೆಲೆ

ಹಳ್ಳಿಯ ಹೆಣ್ಣುಮಕ್ಕಳ ಓದನ್ನು ಅಂಕಪಟ್ಟಿಗಿಂತ ಬಸ್ಸಿನ ವೇಳಾಪಟ್ಟಿಯೇ ನಿರ್ಧರಿಸುವುದನ್ನು ಅಧ್ಯಾಪಕನಾಗಿ ನಾನು ಕಂಡಿದ್ದೇನೆ. ನಮ್ಮ ಕೊಕ್ಕನೂರಿನಂತಹ ಊರುಗಳಿಂದ ಹರಿಹರ, ದಾವಣಗೆರೆಯ ಕಾಲೇಜುಗಳಿಗೆ ಹೋಗುವವರಿಗೆ ಸಂಜೆಯ ಬಸ್ಸು ಇಲ್ಲವೆಂದರೆ ಹೆತ್ತವರ ಧೈರ್ಯ ಉಡುಗುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಪಡೆದವರೂ ಮನೆಯಲ್ಲೇ ಉಳಿದದ್ದುಂಟು.

2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಮಹಿಳೆಯರಿಗೆ ಟಿಕೆಟ್ಟಿನ ಚಿಂತೆಯನ್ನು ನೀಗಿತು. ಆದರೆ ಅದು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಿಗಷ್ಟೇ ಅನ್ವಯ. ಖಾಸಗಿ ಬಸ್ಸು ಮಾತ್ರ ಓಡುವ ಹೊತ್ತಿನಲ್ಲಿ ವಿದ್ಯಾರ್ಥಿನಿ ಹಣ ತೆತ್ತೇ ಪ್ರಯಾಣಿಸಬೇಕು.

ನಿರ್ವಾಹಕರು ಕೊಡುವ ಶೂನ್ಯ ದರದ ಟಿಕೆಟ್ಟನ್ನು ‘ಇದೇಕೆ?’ ಎಂದು ಬೇಡವೆನ್ನುವವರಿದ್ದಾರೆ. ನಿಗಮಕ್ಕೆ ಸರ್ಕಾರ ಹಣ ತುಂಬಿಕೊಡುವುದು ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ. ನಮ್ಮ ಹಾದಿಯಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳು ಓಡಾಡುತ್ತಾರೆಂಬುದಕ್ಕೂ ಅದೇ ಸಾಕ್ಷಿ. ಪ್ರಿಯ ಶಿಷ್ಯೆಯರೇ, ಮರೆಯದೆ ಕೇಳಿ ಪಡೆಯಿರಿ.