ಸೊಲ್ಲಾಪುರಕ್ಕೆ ಹೋದಾಗ ಒಂದು ದಿನ ಹೆಚ್ಚು

ಚಾದರ ಖರೀದಿಗೆ ಸೊಲ್ಲಾಪುರಕ್ಕೆ ಹೋಗುವ ನಮ್ಮ ವ್ಯಾಪಾರಿ ಬಂಧುಗಳು, ಗಂಟುಗಳನ್ನು ಟ್ರಾನ್ಸ್‌ಪೋರ್ಟಿಗೆ ಹಾಕಿ ರಾತ್ರಿಯ ಗಾಡಿಗೇ ಮರಳುವುದು ರೂಢಿ. ಮುಂದಿನ ಸಲ ಮನೆಯವರನ್ನೂ ಮಕ್ಕಳನ್ನೂ ಕರೆದೊಯ್ದು ಒಂದು ದಿನ ಹೆಚ್ಚು ಉಳಿಯಿರಿ.

ಬೆಳಿಗ್ಗೆ ಭುಯಿಕೋಟೆ, ಪಕ್ಕದಲ್ಲೇ ಕೆರೆಯ ನೀರಿನ ನಡುವೆ ಸಿದ್ಧೇಶ್ವರ ಗುಡಿ. 12ನೆಯ ಶತಮಾನದ ಕನ್ನಡ ವಚನಕಾರ ಸಿದ್ಧರಾಮರ ಊರಿದು. ಆಮೇಲೆ ನಾಲ್ವರು ಹುತಾತ್ಮರ ಪ್ರತಿಮೆಗಳ ಮುಂದೆ ತುಸು ಹೊತ್ತು ನಿಲ್ಲಿರಿ. 1930ರ ಮೇ ತಿಂಗಳಲ್ಲಿ ಊರು ಬ್ರಿಟಿಷರ ಕೈತಪ್ಪಿತು. ಲಷ್ಕರಿ ಕಾಯ್ದೆ ಬಂತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಇವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಈ ಹೆಸರುಗಳನ್ನು ಮಕ್ಕಳಿಂದ ಓದಿಸಿರಿ. ಚಾದರಿನ ದರ ನಮಗೆ ಬಾಯಿಪಾಠ, ಇವು ಇಲ್ಲ.

ಮಧ್ಯಾಹ್ನ ಅಕ್ಕಲಕೋಟೆ, ಸುಮಾರು 40 ಕಿ.ಮೀ. 1948ರವರೆಗೆ ಭೋಸಲೆ ಅರಸರ ರಾಜಧಾನಿ. ಯಾತ್ರಿಕರು 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಹಾಗೆಯೇ ಹೊರಡುತ್ತಾರೆ. ಅರಮನೆಯ ಶಸ್ತ್ರಾಗಾರವನ್ನು ಬಿಡಬೇಡಿರಿ, ಸಮಯ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಪೇಟೆಯ ಬೋರ್ಡು ಮರಾಠಿಯಲ್ಲಿದ್ದರೂ ದರವನ್ನು ಕನ್ನಡದಲ್ಲೇ ಕೇಳಿ ನೋಡಿರಿ. ಉತ್ತರವೂ ಕನ್ನಡದಲ್ಲೇ ಬರುತ್ತದೆ, ಚೌಕಾಸಿಯೂ!