ಒಂದೇ ಭಾನುವಾರಕ್ಕೆ ಎಷ್ಟು ದಿನಾಚರಣೆ ಮಾರಾಯ್ರೇ!

ಬೆಳಗ್ಗೆ ಎಂಟು ಗಂಟೆಗೆ ಹಿರಿಯಡ್ಕದಿಂದ ಮಣಿಪಾಲಕ್ಕೆ ಹೋಗುವ ಬಸ್ಸು ಹತ್ತಿದವರಿಗೆ ಗೊತ್ತು. ಕಾಲಿಡಲು ಜಾಗ ಇಲ್ಲದಿದ್ದರೂ ಕಂಡಕ್ಟರ್ ಬಿಡುವುದಿಲ್ಲ. "ಒಳಗೆ ಹೋಗಿ, ಒಳಗೆ ಖಾಲಿ ಉಂಟು" ಅಂತ ಇನ್ನೂ ನಾಲ್ಕು ಜನರನ್ನು ಹತ್ತಿಸುತ್ತಾನೆ. ಕ್ಯಾಲೆಂಡರಿನಲ್ಲಿ ಜೂನ್ 21 ಅಂದರೆ ಹೆಚ್ಚುಕಮ್ಮಿ ಅದೇ ಬಸ್ಸು.

ಯೋಗ ದಿನ ನಿಮಗೆಲ್ಲ ಗೊತ್ತಿರುವುದೇ. ವಿಶ್ವ ಸಂಗೀತ ದಿನವೂ ಅಂದೇ. ಸಮುದ್ರದ ಆಳ ಅಳೆದು ನಕ್ಷೆ ಮಾಡುವವರಿಗೂ ಒಂದು ದಿನ ಉಂಟು, ಅದೂ ಅಂದೇ. ಮಾನವತಾವಾದಿಗಳ ದಿನ, ಸೆಲ್ಫಿ ದಿನ, ಸ್ಕೇಟ್‌ಬೋರ್ಡ್ ದಿನ, ಗ್ರೀನ್‌ಲ್ಯಾಂಡಿನ ರಾಷ್ಟ್ರೀಯ ದಿನ ಎಲ್ಲ ಸಾಲಾಗಿ ನಿಂತಿವೆ. ನನಗೆ ಭಾರೀ ಇಷ್ಟವಾದದ್ದು ಜಿರಾಫೆ ದಿನ. ವರ್ಷದ ಅತಿ ಉದ್ದದ ಹಗಲನ್ನು ಅತಿ ಉದ್ದದ ಕುತ್ತಿಗೆಯ ಪ್ರಾಣಿಗೆ ಕೊಟ್ಟಿದ್ದಾರಂತೆ. ಯಾರ ತಲೆಗೆ ಹೊಳೆಯಿತೋ, ಅವರಿಗೊಂದು ಚಹಾ ಕೊಡಿಸಬೇಕು.

ಈ ವರ್ಷ ಅದು ಭಾನುವಾರ ಬೇರೆ. ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನ. ಹಾಗಾಗಿ ಅದೂ ಬಾಗಿಲಲ್ಲಿ ನೇತಾಡಿಕೊಂಡಾದರೂ ಹತ್ತಿದೆ. ಇಷ್ಟು ಸಾಲದೆಂದು, ನಮ್ಮ ಮನೆಗೆ ನಾಟಿ ಯಂತ್ರ ಸಿಕ್ಕಿದ್ದೂ ಅದೇ ದಿನ ಬೆಳಗ್ಗೆ!

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವುದು. ನಮ್ಮ ಟೀಮಿನ ಅರ್ಧ ಜನ ಸ್ವೀಡನ್ನಿನವರು. ಅವರು ಈ ಶುಕ್ರವಾರ ಮಧ್ಯಾಹ್ನದಿಂದ ಯಾರ ಕೈಗೂ ಸಿಗುವುದಿಲ್ಲ. ಮಿಡ್‌ಸಮ್ಮರ್ ಹಬ್ಬ. ಹೂವು ಸುತ್ತಿದ ಕಂಬ ನೆಟ್ಟು, ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ಕುಣಿಯುತ್ತಾರೆ. ಸ್ಟಾಕ್‌ಹೋಮಿನಲ್ಲಿ ಆಗ ಹದಿನೆಂಟು ಗಂಟೆಗೂ ಹೆಚ್ಚು ಬೆಳಕು ಇರುತ್ತದೆ, ಕುಣಿಯದೆ ಎಂತ ಮಾಡುವುದು? ಮೊನ್ನೆ ಕಾಲ್‌ನಲ್ಲಿ ಒಬ್ಬಳು ಕೇಳಿದಳು, "ನಿಮ್ಮೂರಲ್ಲಿ ಮಿಡ್‌ಸಮ್ಮರ್ ಹೇಗೆ ಆಚರಿಸ್ತೀರಿ?" ನಮ್ಮೂರಲ್ಲಿ ಸಮ್ಮರ್ ಮುಗಿದು ಕೊಡೆ ಹಿಡಿದು ಮೂರು ವಾರ ಆಯಿತು ಅಂದೆ. ಅವಳಿಗೆ ಅರ್ಥ ಆಗಲಿಲ್ಲ.

ನಿಜ ಹೇಳಬೇಕೆಂದರೆ ಉದ್ದ ಹಗಲು ಅನ್ನುವುದು ನಮ್ಮಲ್ಲಿ ಅಂಥ ದೊಡ್ಡ ಸುದ್ದಿಯೇ ಅಲ್ಲ. ಉಡುಪಿ ಕಡೆ ಜೂನ್ 21ರ ಹಗಲು ಹದಿಮೂರು ಗಂಟೆಗೆ ಐದಾರು ನಿಮಿಷ ಕಡಿಮೆ. ಡಿಸೆಂಬರಿನ ಗಿಡ್ಡ ಹಗಲಿಗೂ ಇದಕ್ಕೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಆದರೆ ಒಂದು ವಿಚಿತ್ರ ಉಂಟು, ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆ ದಿನ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲಿರುವುದಿಲ್ಲ, ನೆತ್ತಿಗಿಂತ ಉತ್ತರಕ್ಕೆ ಹೋಗಿರುತ್ತಾನೆ. ನೆರಳು ದಕ್ಷಿಣಕ್ಕೆ ಬೀಳುತ್ತದೆ! ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆರಳೇ ಇಲ್ಲದಂತಾಗುವುದು ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮೂರನೇ ವಾರ ಇನ್ನೊಮ್ಮೆ. ಜೂನಿನ ನೆರಳನ್ನು ನೋಡಬೇಕಾದರೆ ಮೊದಲು ಬಿಸಿಲು ಬೇಕು. ಹಿರಿಯಡ್ಕದಲ್ಲಿ ಆ ಹೊತ್ತಿಗೆ ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಅಪ್ಪನ ಲೆಕ್ಕದಲ್ಲಿ ಈ ದಿನಕ್ಕಿರುವುದು ಒಂದೇ ಹೆಸರು, ಆರಿದ್ರಾ. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಕಾಲಿಡುವುದು ಜೂನ್ 21 ಅಥವಾ 22ಕ್ಕೆ. ಅಲ್ಲಿಂದ ಸುಮಾರು ಎರಡು ವಾರ ಆ ಮಳೆ. ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ ಅಂತ ಗಾದೆಯೇ ಇದೆಯಲ್ಲ, ಅದೇ ಮಳೆ. ತುಳು ತಿಂಗಳಲ್ಲಿ ಆಗ ಕಾರ್ತೆಲ್. ಏಣೆಲು ಬೆಳೆಯ ನೇಜಿ ನೆಡುವ ಕಾಲ. ನಮ್ಮದು ಎಪ್ಪತ್ತೈದು ಸೆಂಟ್ಸ್ ಮಜಲು ಗದ್ದೆ. ತಗ್ಗಿನ ಬೈಲು ಗದ್ದೆಯ ಹಾಗೆ ಅಲ್ಲಿ ನೀರು ತಾನಾಗಿ ನಿಲ್ಲುವುದಿಲ್ಲ, ಮೇಲಿನಿಂದ ಸುರಿಯಬೇಕು. ಹಾಗಾಗಿ ಆರಿದ್ರಾ ನಮಗೆ ಗಾದೆ ಮಾತ್ರ ಅಲ್ಲ.

ಜೂನ್ 21 ಮತ್ತು ಅಪ್ಪಂದಿರ ದಿನ ಒಟ್ಟಿಗೆ ಬರುವುದು ಇದೇ ಮೊದಲಲ್ಲ. 2015ರಲ್ಲೂ ಬಂದಿತ್ತು. ಅದು ಮೊದಲ ಯೋಗ ದಿನ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಒಪ್ಪಿಗೆ ಕೊಟ್ಟು, ಮರು ವರ್ಷವೇ ದೆಹಲಿಯ ರಾಜಪಥದಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನ ಚಾಪೆ ಹಾಸಿದ್ದರು. ನಾನಾಗ ಕಾಲೇಜು. ಭಾನುವಾರವಾದರೂ ಬೆಳಗ್ಗೆ ಆರಕ್ಕೆ ಬರಬೇಕೆಂದು ನೋಟಿಸು. ಅಲ್ಲಿಂದ ಬಂದು ಅಪ್ಪನಿಗೆ "ಹ್ಯಾಪಿ ಫಾದರ್ಸ್ ಡೇ" ಅಂದೆ. ಅಪ್ಪ ಬದುವಿಗೆ ಮಣ್ಣು ಕೊಡುತ್ತಿದ್ದರು. ತಲೆ ಎತ್ತದೆ, "ಅದಕ್ಕೆ ರಜೆ ಉಂಟಾ?" ಅಂದರು. (ನಮ್ಮ ಮನೆ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅಪ್ಪ ಸ್ವಲ್ಪ ಮೃದು ಆಗಿಬಿಡುತ್ತಾರೆ, ಏನೂ ಮಾಡುವ ಹಾಗಿಲ್ಲ.)

ಮತ್ತೆ ಬಂದದ್ದು 2020ರಲ್ಲಿ. ಆ ಭಾನುವಾರ ನಿಮಗೂ ನೆನಪಿರಬಹುದು, ಸೂರ್ಯಗ್ರಹಣ ಇತ್ತು. ಕುರುಕ್ಷೇತ್ರ, ಡೆಹ್ರಾಡೂನ್ ಕಡೆ ಕಂಕಣ, ನಮ್ಮಲ್ಲಿ ಅರೆಬರೆ. ಬೆಳಗ್ಗೆ ಹತ್ತರ ನಂತರ ಹಿಡಿದು ಮಧ್ಯಾಹ್ನ ಒಂದೂವರೆಯೊಳಗೆ ಬಿಟ್ಟಿತು. ಕೊರೊನಾ ಕಾಲ. ಬೆಂಗಳೂರಿನಿಂದ ನಾನು, ತಮ್ಮ, ಚಿಕ್ಕಪ್ಪನ ಮಕ್ಕಳು ಎಲ್ಲರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಊರು ಸೇರಿದ್ದೆವು. ಎಷ್ಟೋ ವರ್ಷಗಳ ಮೇಲೆ ನಮ್ಮ ಗದ್ದೆಗೆ ಹನ್ನೊಂದು ಜನ ಸಿಕ್ಕಿದ್ದರು. ಆದರೆ ಅಜ್ಜಿ ಬಿಡಬೇಕಲ್ಲ! ಗ್ರಹಣ ಬಿಟ್ಟು, ಸ್ನಾನ ಆಗದೆ ನೇಜಿ ಮುಟ್ಟಬಾರದು ಅಂತ ಚಾವಡಿಯಲ್ಲಿ ಕೂತು ಕಾವಲು. ಟಿವಿಯಲ್ಲಿ ಉತ್ತರದ ಉಂಗುರ ನೋಡುತ್ತಾ, ಹಸಿದುಕೊಂಡು, ಒಬ್ಬರಿಗೊಬ್ಬರು ಕಾಲೆಳೆಯುತ್ತಾ ಕಾದೆವು. ಎರಡು ಗಂಟೆಗೆ ಇಳಿದವರು ಕತ್ತಲಾಗುವವರೆಗೆ ನೆಟ್ಟೆವು.

ಅವತ್ತು ಅಜ್ಜಿ ಬದುವಿನ ಮೇಲೆ ಕೂತು ಓಬೇಲೆ ಹೇಳಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನೇಜಿ ನೆಡುವಾಗ ಹೆಂಗಸರು ಹೇಳುವ ತುಳು ಹಾಡುಗಳವು. ಒಬ್ಬರು ಎತ್ತಿಕೊಡುವುದು, ಉಳಿದವರು ಹಿಡಿಯುವುದು, ಕೈ ಅದೇ ಲಯದಲ್ಲಿ ಕೆಸರಿಗೆ ಇಳಿಯುವುದು. ನಮಗೆ ಯಾರಿಗೂ ಹಿಡಿಯಲು ಬರುತ್ತಿರಲಿಲ್ಲ. ಅಮ್ಮ ಮಾತ್ರ ಅಲ್ಲಲ್ಲಿ ಸೇರಿಸಿಕೊಂಡರು. ತಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. 42 ಸೆಕೆಂಡು. ಅರ್ಧ ಮಳೆಯ ಸದ್ದು, ಮಧ್ಯೆ ಯಾರೋ ಜಾರಿ ಬಿದ್ದು ನಕ್ಕದ್ದು, ಉಳಿದದ್ದು ಅಜ್ಜಿ. ಮರು ವರ್ಷ ಅಜ್ಜಿ ಹೋದರು. ನಮ್ಮ ಮನೆಯ ಹತ್ತಿರ ಇರುವ ಓಬೇಲೆ ಅಷ್ಟೇ.

ಸಂಗೀತ ದಿನ ಹುಟ್ಟಿದ್ದು 1982ರಲ್ಲಿ, ಫ್ರಾನ್ಸಿನಲ್ಲಿ. ಬಂದವರು ಬಾರದವರು ಎಲ್ಲ ಬೀದಿಗೆ ಬಂದು ನುಡಿಸಿ, ಟಿಕೆಟ್ ಇಲ್ಲ ಅನ್ನುವುದು ಅದರ ತಿರುಳು. ಚೆನ್ನಾಗಿದೆ. ಆದರೆ ಅವರು ಆರಿಸಿದ ತಿಂಗಳು ಮಾತ್ರ ನಮಗೆ ಹೊಂದುವುದಿಲ್ಲ. ಮೇ ಕೊನೆಗೆ ಪತ್ತನಾಜೆ ಆದಮೇಲೆ ಕೋಲ ಇಲ್ಲ, ನೇಮ ಇಲ್ಲ, ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಏರುಮದ್ದಳೆಯ ಹಿರಿಯಡ್ಕ ಗೋಪಾಲ ರಾವ್ ಅವರ ಊರು ನಮ್ಮದು. ಶಿವರಾಮ ಕಾರಂತರ ಪ್ರಯೋಗಗಳಲ್ಲಿ ನುಡಿಸಿದ ಕೈ, ಅಮೆರಿಕದಿಂದ ಬಂದು ಯಕ್ಷಗಾನ ಕಲಿತ ಮಾರ್ತಾ ಆಶ್ಟನ್ ಅವರಿಗೂ ಗುರು. ನೂರು ದಾಟಿ ಬದುಕಿ 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅಂಥ ಊರಿನಲ್ಲಿ, ಲೋಕವೆಲ್ಲ ಬೀದಿಯಲ್ಲಿ ನುಡಿಸುವ ದಿನ, ಮದ್ದಳೆಗೆ ಥಂಡಿ ಹಿಡಿಯದಂತೆ ಒಳಗೆ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಮುಸ್ಸಂಜೆಗೆ ಚಿಕ್ಕಮೇಳದವರು ಮನೆಗೆ ಬಂದು ಕಾಲು ಗಂಟೆ ಕುಣಿದು ಹೋದರೆ ಅದೇ ನಮ್ಮ ಸಂಗೀತ ದಿನ.

ಸಮುದ್ರ ಅಳೆಯುವವರ ದಿನಕ್ಕೂ ಹಾಗೆಯೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್, ಮಲ್ಪೆಯ ದೋಣಿಗಳೆಲ್ಲ ದಡದಲ್ಲಿ. ನಾವು ಅಳೆಯುವುದು ನದಿಯನ್ನು. ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟು ಇರುವುದು ನಮ್ಮಲ್ಲೇ, ಸ್ವರ್ಣಾ ನದಿಗೆ. ಮೇ ತಿಂಗಳಿಡೀ ಅದರ ಮಟ್ಟ ಎಷ್ಟು ಅಂತ ಊರೆಲ್ಲ ಕೇಳುತ್ತದೆ. 2019ರಲ್ಲಿ ಬತ್ತಿ, ನಗರದವರು ಟ್ಯಾಂಕರಿನ ಹಿಂದೆ ಓಡಿದ್ದರು. ಜೂನಿನಲ್ಲಿ ಅದು ತುಂಬಿ ಹರಿಯುವಾಗ ಯಾರೂ ಕೇಳುವುದಿಲ್ಲ.

ಈಗ ಈ ವರ್ಷದ ಮಾತು. ಜನವರಿಯಲ್ಲಿ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದರು. ಭಾರ ಎತ್ತಬಾರದು ಅಂತ ಡಾಕ್ಟರು ಮೂರು ಸಲ ಹೇಳಿದ್ದಾರೆ. ಅಮ್ಮನ ಮಂಡಿ ಸವೆದು ಹೋಗಿದೆ. ಬೆನ್ನಿನ ಕತೆ ಬೇರೆ. ನಾಟಿ ಮಾಡುವುದೂ ಒಂದು ಯೋಗ ಅಂತ ವಾಟ್ಸ್ಆಪಿನಲ್ಲಿ ಕಳಿಸುವವರು ದಯವಿಟ್ಟು ಮೂವತ್ತು ವರ್ಷ ಬಗ್ಗಿದ ಹೆಂಗಸಿನ ಎಕ್ಸ್-ರೇ ನೋಡಿ. ತಮ್ಮ ಮಸ್ಕತ್ತಿನಲ್ಲಿದ್ದಾನೆ. ಮೊದಲು ನಾಟಿಗೆ ಬರುತ್ತಿದ್ದವರಲ್ಲಿ ಕೆಲವರಿಗೆ ವಯಸ್ಸಾಯಿತು, ಕೆಲವರು ಗೇರುಬೀಜದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಮಳೆಯಿಲ್ಲ, ವರ್ಷವಿಡೀ ಕೆಲಸ. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಬಿಸುವಿನ ದಿನ, ಕಣಿ ನೋಡಿ ಕೂತಾಗ ಅಪ್ಪನೇ ಹೇಳಿದರು, "ಈ ವರ್ಷ ಗದ್ದೆ ಬೇಡ. ಹಡಿಲು ಬಿಡುವ." ಯಾರೂ ಏನೂ ಹೇಳಲಿಲ್ಲ. ಸುತ್ತ ಹಡಿಲು ಬಿದ್ದ ಗದ್ದೆಗಳು ಎಷ್ಟಿಲ್ಲ? 2021ರಲ್ಲಿ ಉಡುಪಿ ಕಡೆ ಹಡಿಲು ಭೂಮಿಯಲ್ಲಿ ಬೆಳೆಸುವ ದೊಡ್ಡ ಅಭಿಯಾನ ನಡೆದಾಗ ಎಲ್ಲರೂ ಕೆಸರಿಗಿಳಿದು ಫೋಟೊ ಹಾಕಿದ್ದೆವು. ಆದರೆ ನಮ್ಮದೇ ಗದ್ದೆಗೆ ಆ ಶಬ್ದ ಬಂದಾಗ ಅದರ ರುಚಿ ಬೇರೆ. ಒಂದು ವರ್ಷ ಬಿಟ್ಟರೆ ಬದು ಒಡೆಯುತ್ತದೆ, ಎರಡು ವರ್ಷಕ್ಕೆ ತೋಡು ಮುಚ್ಚುತ್ತದೆ, ಮೂರನೇ ವರ್ಷ ಯಾರೋ ಸೈಟಿಗೆ ಕೊಡ್ತೀರಾ ಅಂತ ಕೇಳಿಕೊಂಡು ಬರುತ್ತಾರೆ.

ಜೂನ್ ಮೊದಲ ವಾರ ಅಮ್ಮನ ಫೋನು. "ನಿನ್ನ ಅಪ್ಪ ಯಾರಿಗೂ ಹೇಳದೆ ಎಂಒ4 ಬೀಜ ನೆನೆ ಹಾಕಿದ್ದಾರೆ. ಹಿತ್ತಿಲಲ್ಲಿ ಟ್ರೇ ಇಟ್ಟು ಚಾಪೆ ನೇಜಿ ಮಾಡಿದ್ದಾರೆ. ಕೇಳಿದ್ರೆ, ಯಂತ್ರ ನೆಡ್ತದೆ, ನಾನೆಲ್ಲಿ ನೆಡ್ತೇನೆ ಅಂತಾರೆ."

ಯಂತ್ರ ನೆಡುತ್ತದೆ, ಹೌದು. ನಮ್ಮಷ್ಟು ಗದ್ದೆಗೆ ಎರಡು ಗಂಟೆ ಸಾಕು. ಆದರೆ ಚಾಪೆ ನೇಜಿಗೆ ವಯಸ್ಸಿನ ಲೆಕ್ಕ ಉಂಟು. ಹದಿನೈದರಿಂದ ಇಪ್ಪತ್ತು ದಿನದೊಳಗೆ ನೆಡಬೇಕು, ಆಮೇಲೆ ಬೆಳೆದು ಬೇರು ಹೆಣೆದುಕೊಂಡರೆ ಯಂತ್ರದ ಬೆರಳಿಗೆ ಬಿಡಿಸಲು ಬರುವುದಿಲ್ಲ. 21ರ ನಂತರ ಯಂತ್ರ ಬೇರೆ ಊರಿಗೆ ಹೋಗುತ್ತದೆ, ಎರಡು ವಾರ ವಾಪಸ್ ಇಲ್ಲ. ಅಂದರೆ ಭಾನುವಾರ ಬೆಳಗ್ಗೆ ಆರು ಗಂಟೆ. ಅಥವಾ ಹಡಿಲು. ಮತ್ತು ಟ್ರೇಗಳನ್ನು ಹಿತ್ತಿಲಿನಿಂದ ಗದ್ದೆಗೆ ಹೊರುವವರು ಬೇಕು. ಹಸಿ ಮಣ್ಣಿನ ಟ್ರೇ, ಹಗುರ ಅಲ್ಲ. ಜನ ಇಲ್ಲದಿದ್ದರೆ ಯಾರು ಹೊರುತ್ತಾರೆ ಅಂತ ನಮಗೆ ಎಲ್ಲರಿಗೂ ಗೊತ್ತು.

ಆಫೀಸಿನಲ್ಲಿ ಭಾನುವಾರ ಯೋಗ ದಿನದ ಆನ್‌ಲೈನ್ ಸೆಷನ್, ಕ್ಯಾಮೆರಾ ಆನ್ ಇರಬೇಕಂತೆ. ರೂಮ್‌ಮೇಟ್ ಹಾಡುವ ಬ್ಯಾಂಡಿನ ಕಾರ್ಯಕ್ರಮ ಅದೇ ಸಂಜೆ ಇಂದಿರಾನಗರದಲ್ಲಿ. ಅಪ್ಪನಿಗೆ ಒಂದು ಸ್ಮಾರ್ಟ್‌ವಾಚ್ ಕಳಿಸು, ಹಾರ್ಟ್‌ರೇಟ್ ತೋರಿಸುತ್ತದೆ, ಅಪ್ಪಂದಿರ ದಿನದ ಆಫರ್ ಉಂಟು ಅಂತ ತಮ್ಮನ ಸಲಹೆ. ಅವನ ಮೇಲೆ ಸಿಟ್ಟಿಲ್ಲ, ಅಷ್ಟು ದೂರದಿಂದ ಅವನಾದರೂ ಎಂತ ಮಾಡಬಹುದು. ಕುತೂಹಲಕ್ಕೆ ಕ್ಯಾಲೆಂಡರ್ ಮುಂದಕ್ಕೆ ಸರಿಸಿ ನೋಡಿದೆ. ಜೂನ್ 21 ಇನ್ನೊಮ್ಮೆ ಭಾನುವಾರ ಬರುವುದು 2037ಕ್ಕೆ. ಅಪ್ಪನಿಗೆ ಈಗ 68. ಕೂಡಿಸಿ ನೋಡಿದೆ, ಆಮೇಲೆ ಫೋನು ಕೆಳಗಿಟ್ಟು ಬಟ್ಟೆ ತೊಳೆದೆ.

ನಿನ್ನೆ ರಾತ್ರಿ ಅಪ್ಪನೇ ಫೋನ್ ಮಾಡಿದ್ದರು, ಅದು ಅಪರೂಪ. ನೇಜಿ ಒಂದು ಗೇಣು ಆಗುತ್ತಾ ಬಂದಿದೆ, ಬಣ್ಣ ಚೆನ್ನಾಗಿದೆ. ಗದ್ದೆ ಉಳುವ ಟಿಲ್ಲರ್ ಬಂದು ಹೋಗಿದೆ. ಮಳೆ ಸ್ವಲ್ಪ ಕಡಿಮೆ, ಆದರೆ ಆರಿದ್ರಾ ಇದೆಯಲ್ಲ ಅಂದರು. ಅಲೆ ಜೋರಿದ್ದರೆ ಶಿರಾಡಿ ಘಾಟಿಯಲ್ಲಿ ತೊಂದರೆ ಆದೀತು ಅಂತಲೂ ಹೇಳಿದರು. ಅಲೆಗೂ ಘಾಟಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಬಾ ಅಂತ ಅವರು ಹೇಳಲಿಲ್ಲ, ಬರುತ್ತೇನೆ ಅಂತ ನಾನು ಹೇಳಿದಾಗ ಬೇಡ ಅನ್ನಲೂ ಇಲ್ಲ.

ಆಮೇಲೆ ಅಮ್ಮ ಫೋನ್ ತೆಗೆದುಕೊಂಡು ಒಳಗೆ ಹೋಗಿ ಮೆಲ್ಲಗೆ ಹೇಳಿದರು, "ಟ್ರೇ ಎತ್ತಬೇಡಿ ಅಂತ ನಾನು ಹೇಳಿದ್ರೆ ಕೇಳುವುದಿಲ್ಲ. ನೀನೇ ಹೇಳು. ಬರುವಾಗ ನಿನ್ನ ಸೈಜಿನ ಗಂಬೂಟ್ ತಾ, ಇಲ್ಲಿರುವುದು ತಮ್ಮನದ್ದು, ದೊಡ್ಡದಾಗ್ತದೆ."

ಶುಕ್ರವಾರ ರಾತ್ರಿ ಹತ್ತೂಕಾಲರ ಬಸ್ಸು. ಕಿಟಕಿ ಸೀಟು ಸಿಕ್ಕಿದೆ.