ಕೊನೆಯ ತುಂಡು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಲೇಖಕನಲ್ಲ, ಮರಗೆಲಸದವನು. ಆದರೆ ಈ ಶಾಲೆಯಲ್ಲಿ ಕಲಿತ ಒಂದು ಪಾಠದ ಋಣ ನನ್ನ ಮೇಲಿದೆ. ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮದು ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ ದೇವಾಂಗ ಮನೆತನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಹಜಾರದಲ್ಲಿ ಮಗ್ಗದ ಸದ್ದು. ಅಪ್ಪ ಸೀರೆ ನೇಯುತ್ತಿದ್ದರು. ನನಗೆ ಮಾತ್ರ ಮರದ ಮೇಲೆ ಮನಸ್ಸು. ಶಾಲೆ ಬಿಟ್ಟ ಮೇಲೆ ಮರಗೆಲಸದ ಕಾರ್ಖಾನೆಯೊಂದನ್ನು ಸೇರಿದೆ.

1989ರಲ್ಲಿ ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬರಿಗೆ ದುಂಡುಮೇಜು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ; ಆಗಿನ್ನೂ ಅದು ನಮ್ಮ ಜಿಲ್ಲೆಯ ಊರೇ. ಮೇಜಿನ ವ್ಯಾಸ 42 ಅಂಗುಲ. ಇಡೀ ಮರದ ಹಲಗೆ ತೇವ ಹೀರಿದಾಗ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಹಿಗ್ಗದು. ಆಗ ದುಂಡು ಕೆಟ್ಟು, ಮೇಲೆ ಅಂಟಿಸಿದ ಅಂಚು ಬಿರಿಯುತ್ತದೆ. ಆದ್ದರಿಂದ ತಳಕ್ಕೆ ಪ್ಲೈವುಡ್ ಇಟ್ಟು, ಮೇಲೆ ತೇಗದ ವೆನೀರ್ ಹಾಸಿ, ಸುತ್ತಲೂ ಎರಡು ಅಂಗುಲ ಅಗಲದ ಬೀಟೆಯ ಅಂಚು ಕೂರಿಸಬೇಕಾಗಿತ್ತು. ಅಂಚಿಗೆ 48 ತುಂಡುಗಳು. ಪ್ರತಿ ತುಂಡೂ ಹೊರಬದಿಗೆ 2¾ ಅಂಗುಲ, ಒಳಬದಿಗೆ ಸುಮಾರು 2½ ಅಂಗುಲ.

ನಾನು ಒಂದು ಕಡೆಯಿಂದ ಆರಂಭಿಸಿ, ಒಂದರ ಪಕ್ಕಕ್ಕೊಂದನ್ನು ಒತ್ತಿ ಅಂಟಿಸುತ್ತ ಸುತ್ತಿಬಂದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. 47 ತುಂಡುಗಳು ಮುಗಿದಾಗ ಉಳಿದ ಜಾಗ 2¾ ಅಂಗುಲವಲ್ಲ, ಹೆಚ್ಚು ಕಡಿಮೆ 3½ ಅಂಗುಲ! ನಮ್ಮ ಕಸಬಿನಲ್ಲಿ ಅಂಗುಲದ ಎಂಟನೆಯ ಒಂದು ಪಾಲಿಗೆ ನೂಲು ಎನ್ನುತ್ತಾರೆ. ಪ್ರತಿ ತುಂಡಿನಲ್ಲೂ ಆ ನೂಲಿನ ಎಂಟನೆಯ ಒಂದು ಪಾಲಿನಷ್ಟು ಕೊರತೆಯಿತ್ತು. ಎಲ್ಲವೂ ಕೂಡಿ ಆರು ನೂಲಾಗಿ ಕೊನೆಯಲ್ಲಿ ಬಾಯಿ ತೆರೆದಿತ್ತು. ಅಗಲವಾದ ತುಂಡೊಂದನ್ನು ಅಲ್ಲಿ ಕೂರಿಸಿದೆ. ವ್ಯಾಪಾರಿ ಒಪ್ಪಲಿಲ್ಲ. ಖರ್ಚು ನನ್ನ ಸಂಬಳದಲ್ಲಿ ಮುರಿದುಹೋಯಿತು. ಮೇಜು ನಮ್ಮ ಮನೆಗೆ ಬಂತು.

ಅಪ್ಪ ಅಂಚಿನ ಮೇಲೆ ಬೆರಳಾಡಿಸಿ, ಆ ತುಂಡಿನ ಬಳಿ ನಿಲ್ಲಿಸಿದರು. “ಹಾಸು ಹಂಚದೆ ಹೊಕ್ಕು ಹಾಕುವವರುಂಟೇನಪ್ಪ?” ಎಂದರು. ಬೇರೇನೂ ಹೇಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಸೀರೆಯ ಅಂಚಿಗೆ ಮೊದಲೂ ಕೊನೆಯೂ ಉಂಟು. ದುಂಡಿನ ಅಂಚಾದರೋ ಹೊರಟಲ್ಲಿಗೇ ಬಂದು ಸೇರಬೇಕು. ಮಾಡಿದ ತಪ್ಪೆಲ್ಲ ಅಲ್ಲಿ ಕಾದು ಕುಳಿತಿರುತ್ತದೆ. ಹಾಗೆ ಯೋಚಿಸುತ್ತಿದ್ದಾಗ ನಮ್ಮ ಗಣಿತದ ಮೇಷ್ಟ್ರು ಕಣ್ಣಮುಂದೆ ಬಂದರು. ಕೈವಾರವನ್ನು ತ್ರಿಜ್ಯದಷ್ಟು ತೆರೆದು ಪರಿಧಿಯ ಮೇಲೆ ಹೆಜ್ಜೆಯಿಡಿಸಿದರೆ ಸರಿಯಾಗಿ ಆರನೆಯ ಹೆಜ್ಜೆಗೆ ಹೊರಟಲ್ಲಿಗೇ ಬರುತ್ತದೆಂದು ಅವರು ಕಪ್ಪುಹಲಗೆಯ ಮೇಲೆ ತೋರಿಸಿದ್ದರು. ಆರನ್ನು ಅರ್ಧಿಸಿದರೆ 12, ಮತ್ತೆ 24, ಮತ್ತೆ 48! ನನಗೆ ಬೇಕಾಗಿದ್ದ ಲೆಕ್ಕ ಏಳನೆಯ ತರಗತಿಯಲ್ಲೇ ಕೈಸೇರಿತ್ತು. ತಮಿಳು, ಇಂಗ್ಲಿಷುಗಳಲ್ಲಿ ಅಳೆಯುವ ಕಾರ್ಖಾನೆಯಲ್ಲಿ ಕನ್ನಡದ ಆ ಪಾಠ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿಯೇ ಇರಲಿಲ್ಲ.

ಎರಡನೆಯ ಮೇಜಿಗೆ ಮೊದಲು 48 ಗುರುತುಗಳನ್ನು ಹಾಕಿದೆ. ತುಂಡುಗಳಿಗೆ ಸಂಖ್ಯೆ ಬರೆದು, ಅಂಟು ಹಚ್ಚದೆ ಒಮ್ಮೆ ಜೋಡಿಸಿ ನೋಡಿದೆ. ಬಳಿಕ ಆರು ಸ್ಥಾನಗಳಲ್ಲಿ ಆರು ತುಂಡುಗಳನ್ನು ನೆಲೆಗೊಳಿಸಿ, ನಡುವೆ ಏಳೇಳನ್ನು ತುಂಬಿದೆ. ಒಂದು ಭಾಗದ ತಪ್ಪು ಇನ್ನೊಂದಕ್ಕೆ ದಾಟಲಿಲ್ಲ. ಹೆಚ್ಚಿದ್ದನ್ನು ಏಳು ತುಂಡುಗಳಲ್ಲೂ ಸಮನಾಗಿ ಉಜ್ಜಿ ತೆಗೆದೆ. ಕೊನೆಯ ತುಂಡು ಹೆಬ್ಬೆರಳಿನ ಒತ್ತಿಗೇ ಕುಳಿತಿತು.

ಮುಂದೆ ಮೈಸೂರಿಗೆ ಹೋದಾಗ ಬೀಟೆಯ ಹಲಗೆಯಲ್ಲಿ ಬಣ್ಣಬಣ್ಣದ ಮರದ ತುಂಡುಗಳನ್ನು ಕೂರಿಸುವ ಕುಶಲಕರ್ಮಿಗಳನ್ನು ಕಂಡೆ. 2005–06ರಲ್ಲಿ ಭೌಗೋಳಿಕ ಗುರುತು ಪಡೆದ ಕಲೆ ಅದು. ಅಲ್ಲಿಯೂ ಮೊದಲು ನಕ್ಷೆ, ಆಮೇಲೆ ಉಳಿ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಬೇಕೆಂದು ಬಹಳ ದಿನ ಅಂದುಕೊಂಡಿದ್ದೆ. ಹೇಳುವ ಮೊದಲೇ ಅವರು ತೀರಿಕೊಂಡರು. ಅಪ್ಪನೂ ಈಗಿಲ್ಲ. ಮೊದಲ ಮೇಜು ಮಾತ್ರ ನಮ್ಮ ಮನೆಯಲ್ಲಿದೆ. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ತೋರಿಸುವುದು ಆ ಅಗಲವಾದ ತುಂಡನ್ನೇ. ಪಾಠ ಹೇಳುವುದು ತಮಿಳಿನಲ್ಲಿ. ಆದರೂ ಕೈವಾರ ಹಿಡಿದೊಡನೆ ತ್ರಿಜ್ಯ, ಪರಿಧಿ ಎಂಬ ಮಾತುಗಳೇ ಬಾಯಿಗೆ ಬರುತ್ತವೆ. ಹುಡುಗರು ನಗುತ್ತಾರೆ, ನಾನು ತಿದ್ದಿಕೊಳ್ಳುವುದಿಲ್ಲ.